ಹೆದ್ದಾರಿ ಸೇತುವೆಗಳ ದುರಸ್ತಿ (ಅಮೆರಿಕ)

ಅಮೆರಿಕ ಸಂಯುಕ್ತ ಸಂಸ್ಥಾನದ ಹೆದ್ದಾರಿ ಸೇತುವೆಗಳಲ್ಲಿ ಬಹಳಷ್ಟು 1956ರ ಅಂತರರಾಜ್ಯ ಹೆದ್ದಾರಿ ಕಾಯ್ದೆಯ ನಂತರದ ದಶಕಗಳಲ್ಲಿ ಕಟ್ಟಿದವು. ಹಾಗಾಗಿ ಒಟ್ಟಾಗಿಯೇ ಮುಪ್ಪಾಗುತ್ತಿವೆ. ಚಳಿಗಾಲದಲ್ಲಿ ಹಿಮ ಕರಗಿಸಲು ಎರಚುವ ಉಪ್ಪು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿದಂತೆ ಕಾಂಕ್ರೀಟು ಬಿರಿದು ಚಕ್ಕೆ ಏಳುತ್ತದೆ. ಇಂಥ ಹಾನಿ ತಡೆಯಲು ಕೀಲುಸಂದುಗಳಿಗೆ ಹೊಸ ರಬ್ಬರು, ಉಕ್ಕಿಗೆ ಬಣ್ಣ, ಮೇಲ್ಹಾಸಿಗೆ ಹೊಸ ಪದರ ಇವು ಅಗ್ಗದ ಕೆಲಸಗಳು. ಮುಂದೂಡಿದರೆ ಮೇಲ್ಹಾಸನ್ನೇ ಬದಲಿಸಬೇಕಾಗುತ್ತದೆ.

1967ರಲ್ಲಿ ಒಹಾಯೊ ನದಿಯ ಸಿಲ್ವರ್ ಬ್ರಿಜ್ ಕುಸಿದು 46 ಮಂದಿ ಸತ್ತ ಮೇಲೆ ರಾಷ್ಟ್ರೀಯ ತಪಾಸಣಾ ನಿಯಮಗಳು ಬಂದವು. ಸಾಮಾನ್ಯವಾಗಿ 24 ತಿಂಗಳಿಗೊಮ್ಮೆ ತಪಾಸಣೆ ನಡೆಯುತ್ತದೆ. ಆದರೂ 2007ರಲ್ಲಿ ಮಿನಿಯಾಪೊಲಿಸ್‌ನ ಐ-35ಡಬ್ಲ್ಯು ಸೇತುವೆ ಕುಸಿದು 13 ಮಂದಿ ಸತ್ತರು. ತೊಲೆಗಳನ್ನು ಜೋಡಿಸುವ ಗಸೆಟ್ ಫಲಕಗಳು ವಿನ್ಯಾಸದಲ್ಲೇ ತೆಳುವಾಗಿದ್ದವು. ತಪಾಸಕರ ಕಣ್ಣು ಹುಡುಕುವುದು ಸವಕಳಿಯನ್ನು, ಲೆಕ್ಕದ ತಪ್ಪನ್ನಲ್ಲ.

ದುರಸ್ತಿ ಹಣದ ಮುಖ್ಯ ಮೂಲ ಇಂಧನ ತೆರಿಗೆ ತುಂಬುವ ಹೆದ್ದಾರಿ ನಿಧಿ. ಪೆಟ್ರೋಲಿನ ಒಕ್ಕೂಟ ತೆರಿಗೆ ಗ್ಯಾಲನ್‌ಗೆ 18.4 ಸೆಂಟು. 1993ರಿಂದ ಅದು ಏರಿಲ್ಲ, ಬೆಲೆಗಳು ಏರಿವೆ; ಕಾರುಗಳೂ ಕಡಿಮೆ ಇಂಧನ ಕುಡಿಯುತ್ತಿವೆ. ಹೀಗಾಗಿ 2008ರಿಂದ ಸಾಮಾನ್ಯ ಬೊಕ್ಕಸದಿಂದ ಪದೇ ಪದೇ ಹಣ ತುಂಬಲಾಗಿದೆ. ಇದು ಬಳಸಿದವರೇ ತೆರಬೇಕೆಂಬ ಮೂಲ ತತ್ವಕ್ಕೆ ವಿರುದ್ಧ. ಉಳಿದ ವೆಚ್ಚವನ್ನು ರಾಜ್ಯಗಳು ತಮ್ಮ ತೆರಿಗೆ, ಸಾಲಪತ್ರ, ಟೋಲ್‌ಗಳಿಂದ ಹೊಂದಿಸುತ್ತವೆ. 2021ರ ಮೂಲಸೌಕರ್ಯ ಕಾಯ್ದೆ ಸೇತುವೆಗಳಿಗೆಂದೇ ಐದು ವರ್ಷಗಳಿಗೆ 27.5 ಶತಕೋಟಿ ಡಾಲರನ್ನು ನಿಗದಿತ ಸೂತ್ರದಂತೆ ಹಂಚುವ ಅನುದಾನವಾಗಿ ಒದಗಿಸಿತು.