ಮೂರು ಕೆಲಸಕ್ಕೆ ಒಂದೇ ಎಣ್ಣೆ



ಚರಿತ್ರೆಯೆಂದರೆ ಅರಸರ ವಂಶಾವಳಿ ಮತ್ತು ಯುದ್ಧಗಳ ಇಸವಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಹಳೆಯ ಟ್ರ್ಯಾಕ್ಟರಿನ ಹೊಟ್ಟೆಯೊಳಗಿನ ಎಣ್ಣೆಗೂ ಒಂದು ಚರಿತ್ರೆಯುಂಟು. ಗೇರ್ ಪೆಟ್ಟಿಗೆ, ನೇಗಿಲನ್ನೆತ್ತುವ ಹೈಡ್ರಾಲಿಕ್ ಮತ್ತು ಹಿಂದಿನ ಆಕ್ಸಲ್, ಈ ಮೂರಕ್ಕೂ ಒಂದೇ ಎಣ್ಣೆ ಏಕೆ ಎಂಬ ಪ್ರಶ್ನೆಯಿಂದ ಅದನ್ನು ಆರಂಭಿಸೋಣ.

೧೯೧೭ರಲ್ಲಿ ಹೆನ್ರಿ ಫೋರ್ಡ್ ತಯಾರಿಸಿದ ಫೋರ್ಡ್‌ಸನ್ ಟ್ರ್ಯಾಕ್ಟರಿಗೆ ಪ್ರತ್ಯೇಕ ಚೌಕಟ್ಟು ಇರಲಿಲ್ಲ. ಎಂಜಿನ್, ಗೇರ್ ಪೆಟ್ಟಿಗೆ ಮತ್ತು ಆಕ್ಸಲ್‌ಗಳ ಎರಕದ ಕವಚಗಳನ್ನೇ ಒಂದಕ್ಕೊಂದು ಬೋಲ್ಟ್ ಮಾಡಿ ಯಂತ್ರದ ಶರೀರವಾಗಿಸಿದ್ದರು. ಯಂತ್ರ ಅಗ್ಗವಾಯಿತು, ಹಗುರವೂ ಆಯಿತು. ಆದರೆ ಹಿಂದೆ ಎಳೆಯುತ್ತಿದ್ದ ನೇಗಿಲು ಬಂಡೆಗೆ ಸಿಕ್ಕಿದರೆ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು ಹಿಂದಕ್ಕೆ ಮಗುಚುತ್ತಿತ್ತು. ಚಾಲಕರು ಪ್ರಾಣ ಕಳೆದುಕೊಳ್ಳುತ್ತಿದ್ದರು.

ಈ ಅಪಾಯಕ್ಕೆ ಪರಿಹಾರ ಹುಡುಕಿದವನು ಹ್ಯಾರಿ ಫರ್ಗುಸನ್. ೧೮೮೪ರಲ್ಲಿ ಐರ್ಲೆಂಡಿನ ಡೌನ್ ಪ್ರಾಂತದ ರೈತ ಕುಟುಂಬದಲ್ಲಿ ಹುಟ್ಟಿದ ಈತ, ೧೯೦೯ರಲ್ಲಿ ತಾನೇ ಕಟ್ಟಿದ ವಿಮಾನದಲ್ಲಿ ಹಾರಿದ ಸಾಹಸಿ. ನೇಗಿಲನ್ನು ಸರಪಳಿಯಿಂದ ಎಳೆಯದೆ ಮೂರು ತೋಳುಗಳಿಂದ ಟ್ರ್ಯಾಕ್ಟರಿಗೇ ಜೋಡಿಸಿ, ಅದರ ಆಳವನ್ನು ಹೈಡ್ರಾಲಿಕ್ ಒತ್ತಡದಿಂದ ನಿಯಂತ್ರಿಸುವುದು ಅವನ ಉಪಾಯ. ಮೇಲಿನ ತೋಳು ಮುಂದಕ್ಕೆ ಒತ್ತುವುದರಿಂದ ಟ್ರ್ಯಾಕ್ಟರಿನ ಮೂತಿ ನೆಲಕ್ಕೆ ಒತ್ತಲ್ಪಡುತ್ತದೆ. ೧೯೩೮ರಲ್ಲಿ ಫರ್ಗುಸನ್ ಇದನ್ನು ಫೋರ್ಡನಿಗೆ ತೋರಿಸಿದ. ಬರಿಯ ಹಸ್ತಲಾಘವದಿಂದ ಒಪ್ಪಂದವಾಯಿತು. ೧೯೩೯ರಲ್ಲಿ ೯ಎನ್ ಟ್ರ್ಯಾಕ್ಟರ್ ಹೊರಬಂತು. ಮುಂದೆ ಫೋರ್ಡನ ಮೊಮ್ಮಗ ಆ ಒಪ್ಪಂದವನ್ನು ಕೈಬಿಟ್ಟಾಗ ವ್ಯಾಜ್ಯ ಹೂಡಲ್ಪಟ್ಟು, ೧೯೫೨ರಲ್ಲಿ ಫರ್ಗುಸನ್‌ಗೆ ೯೨.೫ ಲಕ್ಷ ಡಾಲರ್ ದೊರೆಯಿತು. ಅಷ್ಟರಲ್ಲಿ, ೧೯೪೬ರಿಂದಲೇ, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಅವನದೇ ಟಿಇ೨೦ ತಯಾರಾಗುತ್ತಿತ್ತು. ೧೯೫೬ರವರೆಗೆ ಐದು ಲಕ್ಷಕ್ಕೂ ಮಿಕ್ಕಿ ಟ್ರ್ಯಾಕ್ಟರುಗಳು ಹೊರಬಂದವು.

ಈ ಯಂತ್ರದಲ್ಲಿ ಹೈಡ್ರಾಲಿಕ್ ಪಂಪು ಕವಚದ ಒಳಗೆ, ಎಣ್ಣೆಯಲ್ಲಿಯೇ ಮುಳುಗಿರುತ್ತದೆ. ಸುಮಾರು ಇಪ್ಪತ್ತೇಳು ಲೀಟರ್ ಎಣ್ಣೆ ಗೇರುಗಳನ್ನೂ, ಕ್ರೌನ್ ಪಿನಿಯನ್ನನ್ನೂ ನೆನೆಸುತ್ತದೆ, ನೇಗಿಲನ್ನೂ ಎತ್ತುತ್ತದೆ. ಬೇರೆ ಟ್ಯಾಂಕಾಗಲಿ ಉದ್ದನೆಯ ಪೈಪುಗಳಾಗಲಿ ಬೇಕಿಲ್ಲ. ಆದರೆ ಸೌಲಭ್ಯಕ್ಕೊಂದು ಬೆಲೆಯಿದೆ. ಗೇರಿಗೆ ದಪ್ಪ ಎಣ್ಣೆ ಹಿತ, ಪಂಪಿಗೆ ಸರಾಗವಾಗಿ ಹರಿಯುವ ಶುದ್ಧ ಎಣ್ಣೆ ಹಿತ. ಗೇರು ಸವೆದು ಉದುರಿದ ಲೋಹದ ಪುಡಿ ನೇರವಾಗಿ ಪಂಪಿನ ದಾರಿಗೆ ಬರುತ್ತದೆ. ಒಂದು ಎಣ್ಣೆ ಕೆಟ್ಟರೆ ಮೂರೂ ಅಂಗಗಳು ಕೆಡುತ್ತವೆ.

ಮುಂದಿನ ಅಧ್ಯಾಯ ಅಮೆರಿಕದ್ದು. ಜಾನ್ ಡೀರ್ ಕಂಪನಿಯ ಟ್ರ್ಯಾಕ್ಟರುಗಳಿಗಾಗಿ ಬಂದ ‘೩೦೩’ ಎಂಬ ಎಣ್ಣೆಯಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಸೇರಿತ್ತು. ಎಣ್ಣೆಯಲ್ಲೇ ಮುಳುಗಿರುವ ಬ್ರೇಕು ಕಿರುಚದಂತೆ ಹಿಡಿಯುವ ಗುಣ ಅದಕ್ಕಿತ್ತು. ೧೯೭೦ರಲ್ಲಿ ಆ ದೇಶ ಈ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದ ಮೇಲೆ ಹಳೆಯ ಸೂತ್ರ ಮೂಲೆಗುಂಪಾಯಿತು, ಹೊಸ ಮಾನದಂಡಗಳು ಬಂದವು. ಆದರೆ ‘೩೦೩’ ಎಂಬ ಹೆಸರು ಮಾತ್ರ ಅಗ್ಗದ ಡಬ್ಬಿಗಳ ಮೇಲೆ ದಶಕಗಳ ಕಾಲ ಉಳಿಯಿತು. ಒಳಗೇನಿರಬೇಕೆಂದು ಹೇಳುವವರೇ ಇರಲಿಲ್ಲ. ೨೦೧೦ರ ದಶಕದ ಕೊನೆಯಲ್ಲಿ ಮಿಸ್ಸೌರಿ ಮೊದಲಾದ ರಾಜ್ಯಗಳು ಅದರ ಮಾರಾಟವನ್ನು ತಡೆಯಬೇಕಾಯಿತು. ತತ್ತ್ವ ಸತ್ತ ಮೇಲೂ ಹೆಸರು ಬದುಕಿರುವುದಕ್ಕೆ ಚರಿತ್ರೆಯಲ್ಲಿ ಇದೊಂದೇ ಉದಾಹರಣೆಯೇನಲ್ಲ.

ನಮಗೂ ಈ ಕಥೆಗೂ ಸಂಬಂಧವಿದೆ. ಫರ್ಗುಸನ್‌ನ ಪರಂಪರೆಯ ೩೫ನೆಯ ಮಾದರಿ, ೧೯೬೦ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟಾಫೆ ಕಂಪನಿಯ ಮೂಲಕ ಭಾರತಕ್ಕೆ ಬೇರುಬಿಟ್ಟಿತು. ಅದರ ಸಂತತಿಯೇ ನಮ್ಮ ಹೊಲಗಳಲ್ಲಿ ಕಾಣುವ ಮ್ಯಾಸಿ ೧೦೩೫. ನಿಮ್ಮಲ್ಲಿ ಹಲವರ ಮನೆಯಂಗಳದಲ್ಲಿ ಅಂತಹ ಹಳೆಯ ಯಂತ್ರ ನಿಂತಿರಬಹುದು. ಅಂಥವರಿಗೆ ಕೆಲವು ಮಾತು.

ಗೇರ್ ಲಿವರಿನ ಹರಿದ ರಬ್ಬರಿನ ಮೂಲಕ ಮಳೆನೀರು ಇಳಿಯುತ್ತದೆ. ಹಗಲಿನ ಬಿಸಿ, ರಾತ್ರಿಯ ತಂಪಿನಿಂದ ಕವಚದೊಳಗೆ ತೇವವೂ ಕೂಡುತ್ತದೆ. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದೇ ಅರ್ಥ. ಯಂತ್ರವನ್ನು ಸ್ವಲ್ಪ ಹೊತ್ತು ದುಡಿಸಿ, ಎಣ್ಣೆ ಬೆಚ್ಚಗಿರುವಾಗಲೇ ಇಳಿಸಬೇಕು. ಫೋರ್ಡ್ ೯ಎನ್‌ನಲ್ಲಿ ಗೇರ್ ಪೆಟ್ಟಿಗೆ, ಪಂಪು, ಆಕ್ಸಲ್ ಇವುಗಳ ಕೆಳಗೆ ಮೂರು ಬಿರಡೆಗಳಿವೆ. ಒಂದನ್ನೇ ತೆರೆದರೆ ಉಳಿದ ಗುಂಡಿಗಳಲ್ಲಿ ಕೆಸರು ಉಳಿದು ಹೊಸ ಎಣ್ಣೆಯನ್ನೂ ಕೆಡಿಸುತ್ತದೆ. ದಪ್ಪ ಎಣ್ಣೆ ಒಂದು ಕೋಣೆಯಿಂದ ಇನ್ನೊಂದಕ್ಕೆ ನಿಧಾನವಾಗಿ ಹರಿಯುತ್ತದೆ. ಆದ್ದರಿಂದ ತುಂಬಿದ ಕೂಡಲೇ ನೋಡಿದ ಮಟ್ಟವನ್ನು ನಂಬದೆ, ಕಾದು ಮತ್ತೆ ಅಳೆಯಬೇಕು. ಇಳಿಸಿದ ಎಣ್ಣೆಯನ್ನು ಬಾವಿಯ ಬಳಿ, ಕಾಲುವೆಯ ಬದಿ ಚೆಲ್ಲಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಎಣ್ಣೆಯ ಆಯ್ಕೆ. ಟಿಇ೨೦ರ ಬ್ರೇಕು ಒಣ ಬ್ರೇಕು. ಹೊಸ ಯಂತ್ರಗಳಲ್ಲಿ ಹಲವಕ್ಕೆ ಆಯಿಲ್ ಬ್ರೇಕು. ಒಂದಕ್ಕೆ ಒಪ್ಪುವ ಎಣ್ಣೆ ಇನ್ನೊಂದಕ್ಕೆ ಒಪ್ಪದು. ಅಂಗಡಿಯವರು ‘ಎಲ್ಲಕ್ಕೂ ಇದೇ ನಡೆಯುತ್ತದೆ’ ಎಂದಾಗ, ಯಂತ್ರದೊಡನೆ ಬಂದ ಕೈಪಿಡಿಯನ್ನು ತೆಗೆದು, ಅದರಲ್ಲಿ ಬರೆದ ಮಾನದಂಡ ಡಬ್ಬಿಯ ಮೇಲಿದೆಯೇ ಎಂದು ಓದಿ ನೋಡಿರಿ. ತರಗತಿಯಲ್ಲಿ ನಾನು ಹೇಳುತ್ತಿದ್ದುದೂ ಅದನ್ನೇ ಅಲ್ಲವೇ: ಹೆಸರನ್ನು ಕಂಠಪಾಠ ಮಾಡುವುದಕ್ಕಿಂತ ಒಳಗಿನ ವಸ್ತುವನ್ನು ತಿಳಿಯುವುದು ದೊಡ್ಡದು.