ಅನಾಥರ ಪೋಷಣೆಗೆ ಊರವರ ವಂತಿಗೆ

ಮನೆಗಂದಾಯದ ರಸೀದಿಯನ್ನು ಆದ್ಯಂತವಾಗಿ ಓದುವವರು ವಿರಳ. ಒಟ್ಟು ಮೊಬಲಗನ್ನು ನೋಡಿ, ಹಣವನ್ನು ಕಟ್ಟಿ, ಕಾಗದವನ್ನು ಪೆಟ್ಟಿಗೆಯಲ್ಲಿರಿಸುವುದೇ ನಮ್ಮ ವಾಡಿಕೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಊರುಗಳಲ್ಲಿ ಮನೆಯುಳ್ಳವನು ತೆರುವ ಕಂದಾಯದ ಮೇಲೆ ಮೂರು ಉಪಕರಗಳು ಕೂಡಿಕೊಂಡಿರುತ್ತವೆ: ನೂರಕ್ಕೆ 15ರಂತೆ ಆರೋಗ್ಯಕ್ಕೆ, 6ರಂತೆ ಪುಸ್ತಕಭಂಡಾರಕ್ಕೆ, 3ರಂತೆ ಭಿಕ್ಷುಕರ ಪರಿಹಾರಕ್ಕೆ. 1,000 ರೂಪಾಯಿ ಕಂದಾಯವಿದ್ದರೆ ಉಪಕರ 240 ರೂಪಾಯಿ. ಅದರಲ್ಲಿ 30 ರೂಪಾಯಿ ದಿಕ್ಕಿಲ್ಲದವರ ಪಾಲು. ಈ 30 ರೂಪಾಯಿ ಅಲ್ಪವೇ ಸರಿ. ಆದರೆ ಅದು ನಮ್ಮ ರಸೀದಿಯೊಳಕ್ಕೆ ಬಂದು ಸೇರಿದ ದಾರಿ ಮಾತ್ರ ಬಹು ದೀರ್ಘವಾದುದು.

ಪೂರ್ವದಲ್ಲಿ ಈ ವಂತಿಗೆಗೆ ರಸೀದಿಯಿರಲಿಲ್ಲ. ಸುಗ್ಗಿಯ ಕಾಲದಲ್ಲಿ ರಾಶಿಯ ಮುಂದೆ ನಿಂತವರಿಗೆಲ್ಲ ಕಣದಲ್ಲಿಯೇ ಪಾಲು ಸಲ್ಲುತ್ತಿದ್ದಿತು. ತಳವಾರ, ತೋಟಿ, ನೀರಗಂಟಿ, ಬಡಗಿ, ಕಮ್ಮಾರ, ಅಗಸ ಮೊದಲಾದ ಆಯಗಾರರಿಗೆ ಅವರವರ ಆಯ. ಅವರ ಹಿಂದೆ ನಿಂತ ಮುದುಕಿಗೆ, ಕುರುಡನಿಗೆ, ಊರಿಂದೂರಿಗೆ ಅಲೆಯುವ ದಾಸಯ್ಯನಿಗೆ ಮೊರದ ತುದಿಯಿಂದ ಸುರಿದಷ್ಟು. ದಾರಿಗರಿಗೆ ಛತ್ರಗಳಿದ್ದವು, ಅವುಗಳಲ್ಲಿ ಕೆಲವಕ್ಕೆ ಅರಮನೆಯ ಮುಜರಾಯಿಯಿಂದಲೂ ಕೆಲವಕ್ಕೆ ಧರ್ಮಿಷ್ಠರಾದ ವರ್ತಕರಿಂದಲೂ ವೆಚ್ಚ ನಡೆಯುತ್ತಿದ್ದಿತು. ಈ ಏರ್ಪಾಡನ್ನು ಹೊಗಳುವವರು ಬಹು ಮಂದಿ. ಕೊಡುವವನು ಕೊಳ್ಳುವವನ ಮುಖವನ್ನು ಕಾಣುತ್ತಿದ್ದನೆಂಬುದು ದಿಟ. ಆದರೆ ಎಲ್ಲರ ಮುಖವನ್ನೂ ಕಾಣುತ್ತಿದ್ದನೇ? ಛತ್ರದ ಪಂಕ್ತಿಯಲ್ಲಿ ಯಾರಿಗೆ ಎಲೆ ಹಾಕುತ್ತಿದ್ದರು, ಯಾರನ್ನು ಹೊರಗೇ ನಿಲ್ಲಿಸುತ್ತಿದ್ದರು ಎಂಬುದನ್ನು ನೆನೆದರೆ, ಆ ಔದಾರ್ಯಕ್ಕೆ ಜಾತಿಯ ಬೇಲಿಯಿದ್ದುದು ವಿದಿತವಾಗುತ್ತದೆ. ಅತ್ಯಂತ ಬಡವನೇ ಬೇಲಿಯ ಆಚೆಗಿದ್ದನು. ಕಣದಲ್ಲಿ ರಾಶಿಯಿಲ್ಲದ ವರ್ಷ ಬಂದರಂತೂ ಬೇಲಿಯ ಈಚೆಗಿದ್ದವನಿಗೂ ಗತಿಯಿರಲಿಲ್ಲ.

ಅಂತಹ ವರ್ಷಗಳು ಬಂದೇಬಂದವು. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಹಿಂಡಿದ ಮಹಾಕ್ಷಾಮವನ್ನು ಕುರಿತು ಎರಡೇ ಅಂಕಿಗಳು ಸಾಕು. 1871ರ ಜನಗಣತಿಯಲ್ಲಿ 50,55,412 ಇದ್ದ ಪ್ರಜೆಗಳ ಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿದ್ದಿತು. ಊರಿನ ಧರ್ಮ, ಮಠದ ಧರ್ಮ, ಶೆಟ್ಟರ ಧರ್ಮ ಎಲ್ಲವೂ ಮೊದಲ ಕೆಲವು ತಿಂಗಳುಗಳಲ್ಲಿಯೇ ಬತ್ತಿಹೋದುವು. ಸರ್ಕಾರದವರು ಗಂಜಿಯ ಕೇಂದ್ರಗಳನ್ನು ತೆರೆದು, ಶಕ್ತಿಯಿದ್ದವರಿಗೆ ಕೆಲಸವನ್ನು ಕೊಡಬೇಕಾಯಿತು. ಲಂಡನ್ನಿನ ಮೇಯರವರ ಭವನದಲ್ಲಿ ಕೂಡಿಸಿದ ಚಂದಾ ಹಣವೂ ದಕ್ಷಿಣದೇಶಕ್ಕೆ ಬಂದಿತು. ಸಂಸ್ಥಾನದ ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲ ಉಳಿಯಿತು. 1881ರಲ್ಲಿ ಚಾಮರಾಜ ಒಡೆಯರಿಗೆ ರಾಜ್ಯವು ಮರಳಿದಾಗ ಆ ಸಾಲವೂ ಜತೆಯಲ್ಲಿಯೇ ಬಂದಿತು. ಸಾಲವನ್ನು ತೀರಿಸುವ ಹಣ ಎಲ್ಲಿಂದ ಬರಬೇಕು? ಹೆಚ್ಚಿನ ಪಾಲು ಭೂಕಂದಾಯದಿಂದ, ಎಂದರೆ ಕ್ಷಾಮದಲ್ಲಿ ಉಳಿದುಕೊಂಡ ರೈತನಿಂದಲೇ. ದಿಕ್ಕಿಲ್ಲದವರ ರಕ್ಷಣೆಯು ನೆರೆಹೊರೆಯವರ ದಯೆಯನ್ನು ಬಿಟ್ಟು ರಾಜ್ಯದ ಲೆಕ್ಕದ ಪುಸ್ತಕಕ್ಕೆ ಹತ್ತಿದುದು ನಮ್ಮ ನಾಡಿನಲ್ಲಿ ಈ ಘಟ್ಟದಿಂದಲೇ ಎಂದು ನನ್ನ ಅಭಿಪ್ರಾಯ.

ಅದಕ್ಕೆ ಮೊದಲೇ ಸ್ಥಳೀಯ ನಿಧಿಯೆಂಬುದೊಂದು ಹುಟ್ಟಿದ್ದಿತು. ಕಂದಾಯದ ರೂಪಾಯಿಗೆ ಒಂದಾಣೆಯಂತೆ ಎತ್ತಿದ ಈ ಹಣದಿಂದ ರಸ್ತೆ, ಹೋಬಳಿಯ ಪಾಠಶಾಲೆ, ತಾಲ್ಲೂಕಿನ ಔಷಧಶಾಲೆ ಇವು ನಡೆದುವು. ಪೇಟೆಗಳಲ್ಲಿ ಮನೆಗಂದಾಯ, ಅಡ್ಡಸುಂಕ. ಈ ಅಡ್ಡಸುಂಕದ ವಿಚಾರವು ಕೊಂಚ ವಿಚಿತ್ರವಾದುದು. ಮೈಸೂರಿನಿಂದ ಕೊಡಗಿಗೆ ಹೋಗುವ ಹೆದ್ದಾರಿಯ ಮೇಲಿರುವ ಹುಣಸೂರಿನಂತಹ ವ್ಯಾಪಾರದ ಊರಿನಲ್ಲಿ ಸುಂಕದ ಕಟ್ಟೆಯ ಮುಂದೆ ಗಾಡಿಯನ್ನು ನಿಲ್ಲಿಸಿದವನು ಹಳ್ಳಿಯವನು. ಆ ಹಣದಿಂದ ಬೆಳಗಿದ ದೀಪ, ಗುಡಿಸಿದ ಬೀದಿ ಊರಿನವರದು. ಸುಂಕವು ಕೊನೆಗೆ ಕೊಳ್ಳುವವನ ಮೇಲೆಯೇ ಬೀಳುವುದೆಂದು ಅರ್ಥಶಾಸ್ತ್ರಜ್ಞರು ಹೇಳುವರು. ಆದರೆ ಎತ್ತಿನ ಹಗ್ಗವನ್ನು ಹಿಡಿದುಕೊಂಡು ಕಾದು ನಿಂತವನಿಗೆ ಈ ಸಮಾಧಾನವನ್ನು ಹೇಳಿದವರು ಯಾರೂ ಇರಲಾರರು. 1979ರಲ್ಲಿ ಕರ್ನಾಟಕವು ಅಡ್ಡಸುಂಕವನ್ನು ತೆಗೆದುಹಾಕಿತು. ಅಲ್ಲಿಂದ ಮುಂದೆ ಸಣ್ಣ ಊರುಗಳ ಸಭೆಗಳು ತಮ್ಮ ಮನೆಗಂದಾಯವನ್ನೂ ಸರ್ಕಾರದ ಅನುದಾನವನ್ನೂ ನಂಬಿ ಬದುಕಬೇಕಾಯಿತು.

ಕಾವೇರಿಯ ದಡದ ಎಡತೊರೆಯ ವಿಷಯವನ್ನೂ ಇಲ್ಲಿ ಹೇಳಬೇಕು. ನೆರೆಯ ಭಯಕ್ಕೆ ಸಿಕ್ಕಿದ ಆ ಹಳೆಯ ಊರಿಗೆ ಬದಲಾಗಿ ಅನತಿದೂರದಲ್ಲಿ ಅಗಲವಾದ ಬೀದಿಗಳ ಹೊಸ ಊರು ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಿಂದ ಅದು ಕೃಷ್ಣರಾಜನಗರವೆನಿಸಿತು. ಆಪತ್ತಿಗೆ ಗುರಿಯಾದವರ ನೆಲೆಯನ್ನು ಹೊಸದಾಗಿ ಕಟ್ಟುವ ಭಾರವು ಊರೊಂದರ ಕೈಗೆ ಮೀರಿದುದೆಂಬುದಕ್ಕೆ ಈ ಊರೇ ಸಾಕ್ಷಿಯಾಗಿ ನಿಂತಿದೆ.

ಇನ್ನು ಭಿಕ್ಷುಕರ ಉಪಕರ. 1944ರಲ್ಲಿ ಮೈಸೂರು ಸರ್ಕಾರವು ಭಿಕ್ಷಾಟನೆಯನ್ನು ನಿಷೇಧಿಸುವ ಶಾಸನವನ್ನು ಮಾಡಿತು. ಏಕೀಕರಣದ ಅನಂತರ, 1975ರಲ್ಲಿ, ಕರ್ನಾಟಕದ ಶಾಸನವು ಬಂದಿತು. ಅಂದು ಮುಖ್ಯಮಂತ್ರಿಗಳಾಗಿದ್ದವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು. 1952ರಲ್ಲಿ ಇದೇ ಹುಣಸೂರಿನಿಂದ ಶಾಸನಸಭೆಗೆ ಆರಿಸಿಬಂದವರು. ಬೇಡುವುದನ್ನು ತಡೆಯಬೇಕಾದರೆ ಬೇಡದೆ ಬದುಕುವ ನೆಲೆಯನ್ನು ಕಲ್ಪಿಸಬೇಕಷ್ಟೆ. ಆದಕಾರಣ ಸ್ಥಳೀಯ ಸಂಸ್ಥೆಗಳು ಕಂದಾಯದ ನೂರಕ್ಕೆ 3ನ್ನು ಹೆಚ್ಚಾಗಿ ಎತ್ತಿ ಕೇಂದ್ರ ಪರಿಹಾರ ಸಮಿತಿಗೆ ಒಪ್ಪಿಸತಕ್ಕದ್ದೆಂದು ವಿಧಿಯಾಯಿತು. ಆ ಹಣದಿಂದ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುತ್ತವೆ. ಮೈಸೂರಿನಲ್ಲಿಯೂ ಅಂತಹುದೊಂದು ಇದೆ.

ಕಣದ ಮುಂದೆ ನಿಂತ ಮುದುಕಿಗೂ ಈ ಏರ್ಪಾಡಿಗೂ ಇರುವ ಅಂತರವನ್ನು ನೋಡಬೇಕು. ಇಲ್ಲಿ ಜಾತಿಯ ಬೇಲಿಯಿಲ್ಲ. ಅದೊಂದು ದೊಡ್ಡ ಲಾಭ. ಆದರೆ ಪಿರಿಯಾಪಟ್ಟಣದ ಮನೆಯವನು ಕೊಟ್ಟ ಹಣ ಪಿರಿಯಾಪಟ್ಟಣದ ಸಂತೆಯಲ್ಲಿ ಬೇಡುವವನ ಹೆಸರಿಗೆ ಜಮೆಯಾಗುವುದಿಲ್ಲ. ಅದು ದೂರದ ಸಮಿತಿಗೆ ಹೋಗುತ್ತದೆ. ಬೇಡುವವನನ್ನೂ ದೂರಕ್ಕೆ ಒಯ್ಯುತ್ತಾರೆ. ಕೊಟ್ಟವನು ವಿಚಾರಿಸುವುದಿಲ್ಲ, ಕೊಂಡವನು ದೂರು ಹೇಳಲಾರನು. 2010ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಸಾವಿನ ಮೇಲೆ ಸಾವು ಸಂಭವಿಸಿದ ಸಂಗತಿಯು ಪತ್ರಿಕೆಗಳಲ್ಲಿ ಬಯಲಾಗಿ ರಾಜ್ಯವೆಲ್ಲ ತಲ್ಲಣಿಸಿತು. ಅಲ್ಲಿದ್ದವರ ಅನ್ನದ ಋಣ ನಾಲ್ಕೂ ಊರುಗಳ ರಸೀದಿಗಳಲ್ಲಿದ್ದಿತು. ಆದರೂ ನಮ್ಮಲ್ಲಿ ಎಷ್ಟು ಮಂದಿಗೆ ಅದು ತಮ್ಮ ಮನೆಯ ವಿಷಯವೆಂದು ತೋರಿತು?

ವೃದ್ಧರ ಮಾಸಾಶನದ ಮಾತು ಬೇರೆ. ಅದರಲ್ಲಿ ಊರಿನ ಸಭೆಗೆ ಪಾಲಿಲ್ಲ. 1995ರಲ್ಲಿ ಕೇಂದ್ರ ಸರ್ಕಾರವು ತಿಂಗಳಿಗೆ 75 ರೂಪಾಯಿಯಿಂದ ಆರಂಭಿಸಿತು. 2007ರಲ್ಲಿ ರಾಜ್ಯದ ಸಂಧ್ಯಾಸುರಕ್ಷಾ ಯೋಜನೆಯು 400 ರೂಪಾಯಿಯೊಡನೆ ಹೊರಟು, 2021ರಲ್ಲಿ 1,200ಕ್ಕೆ ಬಂದಿತು.

ಊರಿನ ಕೈಯಲ್ಲಿಯೇ ಉಳಿದಿರುವ ಪಾಲೆಂದರೆ ಆಯವ್ಯಯದೊಳಗೆ ಮೀಸಲಿಡುವ ಹಣ. ಹುಣಸೂರಿನ ನಗರಸಭೆಯಾಗಲಿ, ಉಳಿದ ಊರುಗಳ ಪುರಸಭೆಗಳಾಗಲಿ, ತಮ್ಮ ಸ್ವಂತ ವರಮಾನದಲ್ಲಿ ನೂರಕ್ಕೆ 24.10ನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೂ, 7.25ನ್ನು ಇತರ ಬಡವರಿಗೂ, 5ನ್ನು ಅಂಗವಿಕಲರಿಗೂ ತೆಗೆದಿರಿಸಬೇಕು. ವಿದ್ಯಾರ್ಥಿಗಳಿಗೆ ಸಹಾಯಧನ, ರೋಗಿಗಳಿಗೆ ಚಿಕಿತ್ಸೆಯ ವೆಚ್ಚ, ಕಾಲಿಲ್ಲದವರಿಗೆ ಮೂರು ಗಾಲಿಯ ಬಂಡಿ ಇವೆಲ್ಲ ಇದರಿಂದಲೇ ಆಗಬೇಕು. ಇಲ್ಲಿ ಕೊಟ್ಟವನೂ ಕೊಂಡವನೂ ಒಂದೇ ಊರಿನವರು. ಆದರೆ ಕಂದಾಯವು ಸರಿಯಾಗಿ ವಸೂಲಾಗದ ವರ್ಷ ಈ ಪಾಲೂ ಕುಗ್ಗುತ್ತದೆ. ಕಂದಾಯವನ್ನು ಬಾಕಿ ನಿಲ್ಲಿಸಿದ ಅನುಕೂಲಸ್ಥನು ತಾನು ಪುರಸಭೆಗೆ ಮಾತ್ರ ಸಾಲಗಾರನೆಂದು ಭಾವಿಸಿರುತ್ತಾನೆ. ಬೀದಿಯ ಕೊನೆಯ ಕುಂಟನಿಗೂ ಅವನು ಸಾಲಗಾರನೇ.

ಹೆಗ್ಗಡದೇವನಕೋಟೆಯ ಕಡೆ ಈ ಲೆಕ್ಕವೂ ನಿಲ್ಲುವುದಿಲ್ಲ. ಜೇನುಕುರುಬರ, ಕಾಡುಕುರುಬರ ಹಾಡಿಗಳು ಪುರಸಭೆಯ ಎಲ್ಲೆಯಿಂದ ಬಹು ದೂರ. ಕಬಿನಿಯ ಜಲಾಶಯವೂ ಕಾಡಿನ ಹೊಸ ಕಾನೂನುಗಳೂ ಇವರಲ್ಲಿ ಅನೇಕರ ನೆಲೆಯನ್ನು ಕದಲಿಸಿದುವು. 1984ರಲ್ಲಿ ಮೈಸೂರಿನ ವೈದ್ಯವಿದ್ಯಾರ್ಥಿಗಳು ಸ್ಥಾಪಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು ಕೆಂಚನಹಳ್ಳಿಯಲ್ಲಿಯೂ ಅನಂತರ ಸರಗೂರಿನಲ್ಲಿಯೂ ಆಸ್ಪತ್ರೆಗಳನ್ನು ನಡೆಸಿ ಈ ಕೊರತೆಯನ್ನು ಒಂದಿಷ್ಟು ತುಂಬಿತು. ಅಲ್ಲಿ ಮತ್ತೆ ದಾನಿಗಳ ವಂತಿಗೆಯೇ ಆಧಾರ. ಕಣದ ಕಾಲದ ಪದ್ಧತಿ, ಬೇಲಿಯನ್ನು ಮಾತ್ರ ಕಿತ್ತುಹಾಕಿದ್ದು.

ಆಯವ್ಯಯವನ್ನು ಸಿದ್ಧಪಡಿಸುವ ಮೊದಲು ಪುರಸಭೆಗಳು ನಾಗರಿಕರ ಸಭೆಯನ್ನು ಕರೆಯುವ ಪದ್ಧತಿಯಿದೆ. ಅಲ್ಲಿ ಚರಂಡಿ, ಬೀದಿದೀಪ, ಕುಡಿಯುವ ನೀರು ಇವುಗಳ ಮಾತೇ ಹೆಚ್ಚು. ಹಿಂದಿನ ವರ್ಷ ಅಂಗವಿಕಲರಿಗೆಂದು ತೆಗೆದಿರಿಸಿದ ನೂರಕ್ಕೆ 5ರಲ್ಲಿ ಎಷ್ಟು ವೆಚ್ಚವಾಯಿತು, ಎಷ್ಟು ಉಳಿಯಿತು, ಯಾರಿಗೆ ಮುಟ್ಟಿತು ಎಂದು ಕೇಳುವುದಕ್ಕೂ ಅದೇ ಸಭೆಯಲ್ಲಿ ಅವಕಾಶವುಂಟು.