ಗ್ಲೆನ್ ಮಿಲ್ಲರ್ ವಾದ್ಯಮೇಳದ ಅಳಿವು–ಉಳಿವು

ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ಅಮೆರಿಕೆಯ ಕುಣಿತದ ಬ್ಯಾಂಡೊಂದರ ಕಥೆಗೆ ಏನು ಕೆಲಸವೆಂದು ವಾಚಕರು ಹುಬ್ಬೇರಿಸಿಯಾರು. ಪಂಪನನ್ನೂ ಪುಲಿಕೇಶಿಯನ್ನೂ ಕುರಿತು ಬರೆಯಬಲ್ಲ ವಿದ್ವಾಂಸರು ನಮ್ಮ ಸಂಘದಲ್ಲಿ ಹೇಗೂ ಇದ್ದಾರೆ. ಬ್ಯಾಂಕಿನಲ್ಲಿ ಕುಳಿತು ಜಮಾ-ಖರ್ಚು ಬರೆಯುವ ನಾವು ಆ ಸಾಹಸಕ್ಕೆ ಹೋಗುವುದು ತರವಲ್ಲ. ಆದರೆ ಲೆಕ್ಕ ಬರೆಯುವವನನ್ನು ಒಂದು ಪ್ರಶ್ನೆ ಸದಾ ಕಾಡುತ್ತಿರುತ್ತದೆ: ಯಜಮಾನ ಕಣ್ಮರೆಯಾದ ಮೇಲೆ ಅಂಗಡಿಯಲ್ಲಿ ಉಳಿಯುವುದೇನು? ಈ ಪ್ರಶ್ನೆಗೆ ಗ್ಲೆನ್ ಮಿಲ್ಲರನ ವಾದ್ಯಮೇಳದ ಚರಿತ್ರೆ ಒಳ್ಳೆಯ ಉತ್ತರ ಕೊಡುತ್ತದೆಂದು ನಮಗೆ ತೋರಿದ್ದರಿಂದ ಈ ಬರಹ.

ಜಾಝ್ ಹುಟ್ಟಿದ್ದು ಅಮೆರಿಕೆಯ ಕಪ್ಪು ಜನರ ನಡುವೆ. ಅದನ್ನು ಫ್ಲೆಚರ್ ಹೆಂಡರ್ಸನ್, ಡ್ಯೂಕ್ ಎಲ್ಲಿಂಗ್ಟನ್ ಮೊದಲಾದವರು ದೊಡ್ಡ ಮೇಳಕ್ಕೆ ಅಳವಡಿಸಿದರು. 1935ರ ಆಗಸ್ಟಿನಲ್ಲಿ ಲಾಸ್ ಏಂಜಲಿಸ್ ನಗರದ ಪಾಲೊಮಾರ್ ನರ್ತನಶಾಲೆಯಲ್ಲಿ ಬೆನ್ನಿ ಗುಡ್‌ಮನ್ನನ ಮೇಳಕ್ಕೆ ತರುಣ ತರುಣಿಯರು ಹುಚ್ಚೆದ್ದು ಕುಣಿದಂದಿನಿಂದ ಸ್ವಿಂಗ್ ಯುಗ ಆರಂಭವಾಯಿತೆಂದು ಎಣಿಸುವುದು ವಾಡಿಕೆ. ನಮ್ಮ ಮುಂಬಯಿಗೂ ಆ ಗಾಳಿ ಬೀಸದೆ ಇರಲಿಲ್ಲ. ತಾಜ್ ಹೋಟೆಲಿನಲ್ಲಿ ಅಮೆರಿಕೆಯ ಜಾಝ್ ಕಲಾವಿದರು 1930ರ ದಶಕದಲ್ಲಿಯೇ ನುಡಿಸಿದ್ದರು. ಮುಂದೆ ಗೋವೆಯ ತುತ್ತೂರಿಗಾರ ಚಿಕ್ ಚಾಕೊಲೇಟ್ ಅದೇ ಲಯವನ್ನು ಸಿ. ರಾಮಚಂದ್ರರ ಚಿತ್ರಸಂಗೀತಕ್ಕೆ ತಂದುಕೊಟ್ಟನು. 1951ರ ‘ಅಲ್‌ಬೇಲಾ’ ಚಿತ್ರದ ಹಾಡುಗಳಿಗೆ ತಲೆದೂಗಿದ ನಮ್ಮ ಹಿರಿಯರು ತಮಗರಿವಿಲ್ಲದೆಯೇ ಸ್ವಿಂಗಿಗೂ ತಲೆದೂಗಿದ್ದಾರೆ!

ಅದಿರಲಿ. ಗ್ಲೆನ್ ಮಿಲ್ಲರ್ ಹುಟ್ಟಿದ್ದು 1904ರ ಮಾರ್ಚ್ 1ರಂದು, ಅಯೋವಾ ಪ್ರಾಂತದ ಕ್ಲಾರಿಂಡಾ ಎಂಬ ಚಿಕ್ಕ ಊರಿನಲ್ಲಿ. ಕೊಲರಾಡೋ ವಿಶ್ವವಿದ್ಯಾಲಯದ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು, ಟ್ರಾಂಬೋನನ್ನು ಹೆಗಲಿಗೇರಿಸಿಕೊಂಡು ಹೊರಟವನು. ಅನೇಕ ವರ್ಷ ಕಂಡವರ ಮೇಳಗಳಲ್ಲಿ ನುಡಿಸಿ, ಕಂಡವರಿಗಾಗಿ ಸ್ವರಪತ್ರಗಳನ್ನು ಬರೆದು ಹೊಟ್ಟೆ ಹೊರೆದನು. 1937ರಲ್ಲಿ ಸ್ವಂತ ಮೇಳ ಕಟ್ಟಿದನು. ಅದು ವರ್ಷ ತುಂಬುವುದರೊಳಗೆ ನಷ್ಟದಲ್ಲಿ ಮುಳುಗಿತು. 1938ರ ಜನವರಿಯಲ್ಲಿ ಬಾಗಿಲು ಹಾಕಬೇಕಾಯಿತು. ಬೇರೆಯವನಾಗಿದ್ದರೆ ಕೈ ತೊಳೆದುಕೊಳ್ಳುತ್ತಿದ್ದನು. ಮಿಲ್ಲರ್ ಅದೇ ವರ್ಷ ಎರಡನೆಯ ಮೇಳವನ್ನು ಕಟ್ಟಿದನು.

ಈ ಸಲ ಅವನಲ್ಲಿ ಬಂಡವಾಳ ಹೆಚ್ಚಿರಲಿಲ್ಲ, ಒಂದು ಉಪಾಯವಿತ್ತು. ಇತರ ಮೇಳಗಳಲ್ಲಿ ಸ್ಯಾಕ್ಸೊಫೋನುಗಳ ಗುಂಪಿಗೆ ಒಂದು ಸ್ಯಾಕ್ಸೊಫೋನೇ ಮುಂದಾಳು. ಮಿಲ್ಲರ್ ಆ ಸ್ಥಾನದಲ್ಲಿ ಕ್ಲಾರಿಯೊನೆಟನ್ನು ನಿಲ್ಲಿಸಿದನು. ಕ್ಲಾರಿಯೊನೆಟ್ ಮೇಲಿನ ಸ್ಥಾಯಿಯಲ್ಲಿ ರಾಗವನ್ನು ಹಾಡುತ್ತದೆ. ಟೆನರ್ ಸ್ಯಾಕ್ಸೊಫೋನ್ ಅದೇ ರಾಗವನ್ನು ಒಂದು ಸ್ಥಾಯಿ ಕೆಳಗೆ ಹಿಂಬಾಲಿಸುತ್ತದೆ. ಉಳಿದ ಮೂರು ಸ್ಯಾಕ್ಸೊಫೋನುಗಳು ನಡುವಿನ ಜಾಗವನ್ನು ತುಂಬುತ್ತವೆ. ಇಷ್ಟೇ ಗುಟ್ಟು. ಮದುವೆಯ ಬ್ಯಾಂಡಿನಲ್ಲಿ ಕ್ಲಾರಿಯೊನೆಟನ್ನೂ, ಕದ್ರಿ ಗೋಪಾಲನಾಥರ ಕಛೇರಿಯಲ್ಲಿ ಸ್ಯಾಕ್ಸೊಫೋನನ್ನೂ ಕೇಳಿದ ನಮ್ಮವರು ಇವೆರಡೂ ಸಮರಸವಾಗಿ ಬೆರೆತಾಗಿನ ಇಂಪನ್ನು ಊಹಿಸಿಕೊಳ್ಳಬಲ್ಲರು. ರೇಡಿಯೋ ತಿರುಗಿಸಿದವನು ನಾಲ್ಕು ಸ್ವರ ಕೇಳುವಷ್ಟರಲ್ಲಿ ‘ಇದು ಮಿಲ್ಲರನ ಮೇಳ’ ಎನ್ನುವಂತಾಯಿತು.

1939ರ ಬೇಸಿಗೆಯಲ್ಲಿ ನ್ಯೂಯಾರ್ಕ್ ಸಮೀಪದ ಗ್ಲೆನ್ ಐಲೆಂಡ್ ಕ್ಯಾಸಿನೋದಲ್ಲಿ ನುಡಿಸುವ ಅವಕಾಶ ದೊರೆಯಿತು. ಅಲ್ಲಿಂದ ರಾತ್ರಿಯ ಕಾರ್ಯಕ್ರಮಗಳು ರೇಡಿಯೋದಲ್ಲಿ ದೇಶಕ್ಕೆಲ್ಲ ಬಿತ್ತರವಾಗುತ್ತಿದ್ದವು. ‘ಮೂನ್‌ಲೈಟ್ ಸೆರೆನೇಡ್’, ‘ಇನ್ ದಿ ಮೂಡ್’ ಎರಡೂ ಆ ವರ್ಷವೇ ಮುದ್ರಿತವಾದವು. 1941ರ ‘ಚಾಟನೂಗಾ ಚೂ ಚೂ’ ಹನ್ನೆರಡು ಲಕ್ಷ ಪ್ರತಿ ಮಾರಾಟವಾಯಿತೆಂದು 1942ರ ಫೆಬ್ರವರಿಯಲ್ಲಿ ಕಂಪನಿಯವರು ಬಂಗಾರದ ಬಣ್ಣದ ತಟ್ಟೆಯನ್ನು ಅವನಿಗೆ ಕೊಟ್ಟರು. ಇಂದಿನ ‘ಗೋಲ್ಡ್ ರೆಕಾರ್ಡ್’ ಸಂಪ್ರದಾಯಕ್ಕೆ ಅದೇ ನಾಂದಿ. ವಿಮರ್ಶಕರಲ್ಲಿ ಕೆಲವರು ಈ ಸಂಗೀತ ಯಂತ್ರದಂತಿದೆ, ಇದರಲ್ಲಿ ಮನೋಧರ್ಮಕ್ಕೆ ಎಡೆಯಿಲ್ಲವೆಂದು ಮೂಗು ಮುರಿದರು. ಅದು ಪೂರ್ತಿ ಸುಳ್ಳೂ ಅಲ್ಲ. ಮಿಲ್ಲರ್ ಶಿಸ್ತಿನ ಮನುಷ್ಯ. ಪ್ರತಿಯೊಂದನ್ನೂ ಕಾಗದದ ಮೇಲೆ ಬರೆದಿಡುವವನು. ಈ ದೋಷವೇ ಮುಂದೆ ಮೇಳದ ಪ್ರಾಣವನ್ನು ಉಳಿಸಿತೆಂಬುದು ಸೋಜಿಗ.

ಕೀರ್ತಿಯ ಶಿಖರದಲ್ಲಿದ್ದಾಗಲೇ, 1942ರ ಸೆಪ್ಟೆಂಬರಿನಲ್ಲಿ, ಅವನು ಮೇಳವನ್ನು ವಿಸರ್ಜಿಸಿ ಸೈನ್ಯ ಸೇರಿದನು. ವಯಸ್ಸು 38. ವಾಯುಪಡೆಗಾಗಿ ದೊಡ್ಡ ವಾದ್ಯಮೇಳ ಕಟ್ಟಿ 1944ರಲ್ಲಿ ಇಂಗ್ಲೆಂಡಿಗೆ ಕರೆದೊಯ್ದು ಸಿಪಾಯಿಗಳಿಗಾಗಿ ನುಡಿಸಿದನು. ಆ ಮೇಳ ಪ್ಯಾರಿಸಿಗೆ ಹೋಗಬೇಕಾಗಿತ್ತು. ಏರ್ಪಾಡು ಮಾಡಲೆಂದು ಮಿಲ್ಲರ್ ಮುಂದಾಗಿ, 1944ರ ಡಿಸೆಂಬರ್ 15ರಂದು, ಬೆಡ್‌ಫರ್ಡ್ ಬಳಿಯ ಟ್ವಿನ್‌ವುಡ್ ನಿಲ್ದಾಣದಿಂದ ಪುಟ್ಟ ವಿಮಾನವೊಂದರಲ್ಲಿ ಹೊರಟನು. ಚಳಿಯ ದಿನ, ಮಂಜು ಕವಿದಿತ್ತು. ವಿಮಾನವೂ ಅದರಲ್ಲಿದ್ದ ಮೂವರೂ ಮತ್ತೆ ಸಿಕ್ಕಲಿಲ್ಲ. ಮೇಳದವರು ಪ್ಯಾರಿಸಿಗೆ ಹೋಗಿ ನಾಯಕನಿಲ್ಲದೆಯೇ ನುಡಿಸಿದರು.

ಈಗ ನಮ್ಮ ಪ್ರಶ್ನೆಗೆ ಬರೋಣ. ಬಿ.ಕಾಂ. ತರಗತಿಯಲ್ಲಿ ‘ಗುಡ್‌ವಿಲ್’ ಎಂಬ ಆಸ್ತಿಯ ಪಾಠವಾಗುವಾಗ ನಾವು ನಗುತ್ತಿದ್ದೆವು: ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ವಸ್ತುವಿಗೆ ಬೆಲೆ ಕಟ್ಟುವುದೆಂತು? ಮಿಲ್ಲರನ ಪತ್ನಿ ಹೆಲೆನ್‌ಗೆ ಉಳಿದದ್ದು ಅದೇ ಜಾತಿಯ ಆಸ್ತಿ: ಒಂದು ಹೆಸರು, ಒಂದು ನಾದ, ಸ್ವರಪತ್ರಗಳ ರಾಶಿ. 1946ರಲ್ಲಿ ಹಳೆಯ ಮೇಳದ ಗಾಯಕನೂ ಸ್ಯಾಕ್ಸೊಫೋನ್ ವಾದಕನೂ ಆದ ಟೆಕ್ಸ್ ಬೆನೆಕೆಯ ನೇತೃತ್ವದಲ್ಲಿ, ಪಿಟೀಲುಗಳನ್ನೂ ಸೇರಿಸಿಕೊಂಡು, ಮೇಳ ಮತ್ತೆ ವೇದಿಕೆಯೇರಿತು. ಆದರೆ ಕಾಲ ಬದಲಾಗಿತ್ತು. ಆ ವರ್ಷದ ಕೊನೆಗೆ ಹೆಸರಾಂತ ಮೇಳಗಳೇ ಒಂದರ ಹಿಂದೊಂದರಂತೆ ಬಾಗಿಲು ಹಾಕಿದವು; ಜನ ಗಾಯಕರತ್ತ ಹೊರಳಿದರು, ಕುಣಿತದ ಮೇಲೆ ತೆರಿಗೆ ಬಿದ್ದಿತ್ತು. ಬೆನೆಕೆಗೆ ಹೊಸದನ್ನು ನುಡಿಸುವ ಆಸೆ. ಮಿಲ್ಲರನ ವಾರಸುದಾರರಿಗೆ ಹಳೆಯ ನಾದವೇ ಬೇಕು. 1950ರಲ್ಲಿ ಇಬ್ಬರ ಸಂಬಂಧವೂ ಹರಿಯಿತು. ಇಬ್ಬರಲ್ಲಿ ಯಾರದು ತಪ್ಪೆಂದು ಹೇಳುವುದು ನಮ್ಮಿಂದಾಗದು.

1954ರಲ್ಲಿ ಜೇಮ್ಸ್ ಸ್ಟುವರ್ಟ್ ಅಭಿನಯಿಸಿದ ‘ದಿ ಗ್ಲೆನ್ ಮಿಲ್ಲರ್ ಸ್ಟೋರಿ’ ಚಿತ್ರ ತೆರೆಕಂಡಿತು. ಮರೆತ ನಾದ ಮತ್ತೆ ಜನರ ಕಿವಿಗೆ ಬಿತ್ತು. 1956ರಲ್ಲಿ ವಾರಸುದಾರರು ರೇ ಮೆಕಿನ್ಲೆಯನ್ನು ಕರೆದರು. ಈತ ಮಿಲ್ಲರನ ವಾಯುಪಡೆಯ ಮೇಳದಲ್ಲಿ ಡ್ರಮ್ ಬಾರಿಸಿದವನು. ಹಳೆಯ ಸ್ವರಪತ್ರಗಳನ್ನು ಹಾಗೆಯೇ ಇಟ್ಟುಕೊಂಡನು. ಅವುಗಳ ಪಕ್ಕದಲ್ಲಿ ಅದೇ ಶೈಲಿಯ ಹೊಸ ರಚನೆಗಳನ್ನೂ ಇಟ್ಟನು. ಹತ್ತು ವರ್ಷ ನಡೆಸಿ 1966ರಲ್ಲಿ ಕ್ಲಾರಿಯೊನೆಟ್ ವಾದಕ ಬಡ್ಡಿ ಡಿ ಫ್ರಾಂಕೋಗೆ ಒಪ್ಪಿಸಿದನು. ಅನಂತರವೂ ಒಬ್ಬರಿಂದೊಬ್ಬರಿಗೆ ದಾಟುತ್ತ ಆ ಮೇಳ ಇಂದಿಗೂ ಊರೂರು ಸುತ್ತುತ್ತಿದೆ. ಮಿಲ್ಲರನ ಕೈಕೆಳಗೆ ನುಡಿಸಿದವರು ಅದರಲ್ಲಿ ಯಾರೂ ಇಲ್ಲ. ಆದರೂ ಕ್ಲಾರಿಯೊನೆಟ್ ಮೇಲೆ, ಸ್ಯಾಕ್ಸೊಫೋನುಗಳು ಕೆಳಗೆ: ಆ ಪಂಕ್ತಿ ಕೆಟ್ಟಿಲ್ಲ.

1956 ಎಂದರೆ ನಮಗೆ ಬೇರೊಂದು ನೆನಪು. ಆ ನವೆಂಬರ್ 1ರಂದೇ ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ಎರಡಕ್ಕೂ ಸಂಬಂಧವಿಲ್ಲ, ಬಲ್ಲೆವು. ಆದರೆ ನಮ್ಮ ಸಂಘದ ಕಪಾಟಿನಲ್ಲಿ ಹಿರಿಯರ ನಾಟಕಗಳ ಕೈಬರಹದ ಪುಸ್ತಕಗಳಿವೆ. ಅಂಚಿನಲ್ಲಿ ರಂಗಗೀತೆಗಳ ಮಟ್ಟುಗಳನ್ನು ಪೆನ್ಸಿಲಿನಿಂದ ಗುರುತು ಮಾಡಿದ್ದಾರೆ. ಆ ಗುರುತುಗಳನ್ನು ಓದಿ ಹಾಡಬಲ್ಲವರು ಈಗ ಇಬ್ಬರೇ ಉಳಿದಿದ್ದಾರೆ. ಇಬ್ಬರಿಗೂ ಎಂಬತ್ತು ದಾಟಿದೆ. ಕಳೆದ ಉತ್ಸವದಲ್ಲಿ ನಮ್ಮ ಮಗಳು ಕನ್ನಡ ಹಾಡೊಂದನ್ನು ನಾಗರಿ ಅಕ್ಷರಗಳಲ್ಲಿ ಬರೆದುಕೊಂಡು ಹಾಡಿದಳು. ಸಭೆ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು, ಆದರೆ ಮನೆಗೆ ಬಂದು ಊಟ ಸೇರಲಿಲ್ಲ.

ಬರೆದಿಟ್ಟದ್ದು ಇದ್ದರೆ ಸಾಲದು. ನುಡಿಸಬಲ್ಲವನ ಪಕ್ಕದಲ್ಲಿ ಕಲಿಯುವವನು ಕುಳಿತಿರಬೇಕು. ಮೆಕಿನ್ಲೆಗೆ ಸ್ವರಪತ್ರಗಳೂ ಇದ್ದವು, ಮಿಲ್ಲರನ ಮೇಳದಲ್ಲಿ ಕುಳಿತು ಕೇಳಿದ ಕಿವಿಯೂ ಇತ್ತು. ಆದುದರಿಂದ ಈ ನವೆಂಬರಿನಿಂದ ಪ್ರತಿ ಭಾನುವಾರ ಸಂಜೆ ಆ ಇಬ್ಬರು ಹಿರಿಯರ ಬಳಿ ಕುಳಿತು ಮಟ್ಟುಗಳನ್ನು ಕಲಿಯುವುದೆಂದು ನಾವು ಕೆಲವರು ನಿಶ್ಚಯಿಸಿದ್ದೇವೆ. ಹಾರ್ಮೋನಿಯಂ ಸಂಘದಲ್ಲಿಯೇ ಇದೆ. ಮಕ್ಕಳನ್ನು ಕರೆದುಕೊಂಡು ಬರಬೇಕೆಂದು ವಾಚಕರಲ್ಲಿ ನಮ್ಮ ಪ್ರಾರ್ಥನೆ.